ಕನ್ನಡ ವಿಕಿಪೀಡಿಯಕ್ಕೆ ಬರೆಯುವುದರಿಂದ ನಿಜಕ್ಕೂ ಪ್ರಯೋಜನವಿದೆಯೇ?

ಪ್ರಶ್ನೆ: ಶಿಕ್ಷಕಿ, ಉತ್ತರ ಕನ್ನಡ

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯೊಂದರಲ್ಲಿ ಜೀವವಿಜ್ಞಾನ ಕಲಿಸುತ್ತೇನೆ. ಎರಡು ವರ್ಷಗಳಿಂದ ರಾತ್ರಿಯ ಬಿಡುವಿನಲ್ಲಿ ನಮ್ಮ ಸುತ್ತಲಿನ ಮರಗಿಡಗಳ ಬಗ್ಗೆ ಕನ್ನಡ ವಿಕಿಪೀಡಿಯಕ್ಕೆ ಲೇಖನಗಳನ್ನು ಬರೆಯುತ್ತ ಬಂದಿದ್ದೇನೆ. ಮರವನ್ನು ಹೋಗಿ ನೋಡಿ, ಚಿತ್ರ ತೆಗೆದು, ಹೆಸರನ್ನು ಸಸ್ಯಶಾಸ್ತ್ರದ ಪುಸ್ತಕಗಳೊಡನೆ ತಾಳೆ ಹಾಕಿ, ಪ್ರತಿ ಮಾಹಿತಿಗೂ ಆಧಾರ ಹುಡುಕಿ ಬರೆಯುವಷ್ಟರಲ್ಲಿ ಒಂದು ಲೇಖನಕ್ಕೆ ವಾರವೇ ಹಿಡಿಯುತ್ತದೆ. ಆದರೆ ವೀಕ್ಷಣೆಯ ಲೆಕ್ಕ ತೆಗೆದರೆ ಕೆಲವು ಲೇಖನಗಳನ್ನು ತಿಂಗಳಿಗೆ ಹತ್ತು ಹದಿನೈದು ಮಂದಿಯಷ್ಟೇ ನೋಡಿರುತ್ತಾರೆ, ಚರ್ಚೆ ಪುಟಗಳು ಖಾಲಿಯೇ ಉಳಿದಿವೆ. ಇಷ್ಟೇ ಶ್ರಮವನ್ನು ಇಂಗ್ಲಿಷ್ ವಿಕಿಪೀಡಿಯಕ್ಕೆ ಹಾಕಿದರೆ ಸಾವಿರಾರು ಜನ ಓದುತ್ತಾರಲ್ಲ ಎಂದು ಸಹೋದ್ಯೋಗಿಯೊಬ್ಬರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ನನಗೆ ಹೊಗಳಿಕೆ ಬೇಕಿಲ್ಲ. ಇರುವ ಅಲ್ಪ ಸಮಯವನ್ನು ಸರಿಯಾದ ಕಡೆ ಹಾಕುತ್ತಿದ್ದೇನೆಯೇ ಎಂಬುದಷ್ಟೇ ತಿಳಿಯಬೇಕಾಗಿದೆ.

ಉತ್ತರ 1: ಹಳೆಯ ಸಂಪಾದಕ

ಮೇಡಂ, ಓದುಗರ ಸಂಖ್ಯೆಯಿಂದ ಅಳೆಯುವುದಾದರೆ ನಿಮ್ಮ ಸಹೋದ್ಯೋಗಿ ಹೇಳಿದ್ದೇ ಸರಿ. ಆದರೆ ಇಂಗ್ಲಿಷಿನಲ್ಲಿ ಇಂದು 70 ಲಕ್ಷದಷ್ಟು ಲೇಖನಗಳಿವೆ. ಅಲ್ಲಿ ನೀವು ಬರೆಯದಿದ್ದರೆ ನಾಳೆ ಇನ್ನೊಬ್ಬರು ಬರೆಯುತ್ತಾರೆ. 2003ರಲ್ಲಿ ಆರಂಭವಾದ ಕನ್ನಡದ ವಿಶ್ವಕೋಶದಲ್ಲಿರುವ ಲೇಖನಗಳು 30,000 ದಾಟಿವೆ, ಅಷ್ಟೇ. 2011ರ ಜನಗಣತಿಯ ಪ್ರಕಾರ ನಾಲ್ಕು ಕೋಟಿಗೂ ಹೆಚ್ಚು ಜನರ ತಾಯ್ನುಡಿಯಾದ ಭಾಷೆಗೆ ಇದು ತೀರ ಕಡಿಮೆ. ನೀವು ಬರೆಯದೆ ಬಿಟ್ಟ ಮರದ ಬಗ್ಗೆ ಇಲ್ಲಿ ಬೇರೆ ಯಾರೂ ಬರೆಯದೇ ಹೋಗುವ ಸಾಧ್ಯತೆಯೇ ಹೆಚ್ಚು.

ತುಳುವಿನ ಉದಾಹರಣೆಯನ್ನು ನೋಡಿ. ತುಳು ವಿಕಿಪೀಡಿಯ ವರ್ಷಗಟ್ಟಲೆ ಪರೀಕ್ಷಾ ಹಂತದಲ್ಲೇ ಇದ್ದು, 2016ರ ಆಗಸ್ಟಿನಲ್ಲಿ ಸ್ವತಂತ್ರ ತಾಣವಾಯಿತು. ಹಾಗೆ ಹೊರಬರಬೇಕಾದರೆ ಕೆಲವರಾದರೂ ತಿಂಗಳು ತಿಂಗಳೂ ತಪ್ಪದೆ ಬರೆಯುತ್ತಿರಬೇಕು, ಒಂದು ವಾರ ನೂರು ಲೇಖನ ತುಂಬಿ ಮತ್ತೆ ಮಾಯವಾದರೆ ಆಗದು. ಆ ವರ್ಷಗಳಲ್ಲಿ ಬರೆದವರಿಗೆ ಎಷ್ಟು ಓದುಗರಿದ್ದರು ಎಂದು ಎಣಿಸುತ್ತ ಕುಳಿತಿದ್ದರೆ ಇಂದು ಆ ತಾಣವೇ ಇರುತ್ತಿರಲಿಲ್ಲ.

ಇನ್ನೊಂದು ಮಾತು. ನಿಮ್ಮ ಬರಹ ಮುಕ್ತ ಪರವಾನಗಿಯಲ್ಲಿ ಪ್ರಕಟವಾಗುವುದರಿಂದ ಅದನ್ನು ಯಾರು ಬೇಕಾದರೂ ಮೂಲವನ್ನು ಹೇಳಿ, ಅದೇ ಪರವಾನಗಿಯಲ್ಲಿ, ಬಳಸಬಹುದು. ಶಾಲೆಯ ಕೈಬರಹದ ಪತ್ರಿಕೆಗೋ ಅರಣ್ಯ ನಡಿಗೆಯ ಕರಪತ್ರಕ್ಕೋ ಅದು ಹೋಗಿದ್ದರೆ ಆ ಲೆಕ್ಕ ನಿಮ್ಮ ವೀಕ್ಷಣೆಯ ಪಟ್ಟಿಯಲ್ಲಿ ಕಾಣುವುದಿಲ್ಲ.

ಉತ್ತರ 2: ಕ್ಷೇತ್ರಕಾರ್ಯದವರು

ನಾನು ಮೇಲಿನವರನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಬರೆದದ್ದೆಲ್ಲ ಸಾರ್ಥಕವೆಂದು ಹೇಳಿದರೆ ಅದು ಬರೆಯುವವರಿಗೆ ಮಾಡುವ ಅನ್ಯಾಯ. ಸುಮಾರು 2010ರ ಹೊತ್ತಿಗೆ ಯಂತ್ರದ ನೆರವಿನಿಂದ ಇಂಗ್ಲಿಷ್ ಲೇಖನಗಳನ್ನು ಕನ್ನಡಕ್ಕೆ ತಂದು ತುಂಬಿದ ಯೋಜನೆಯೊಂದು ನಡೆಯಿತು. ಸಂಖ್ಯೆ ಏರಿತು, ಆದರೆ ಆ ಉದ್ದುದ್ದ ಪುಟಗಳ ಕನ್ನಡವನ್ನು ಓದುವುದೇ ಕಷ್ಟವಾಗಿತ್ತು, ತಿದ್ದುವ ಹೊರೆ ಬೆರಳೆಣಿಕೆಯ ಸ್ವಯಂಸೇವಕರ ಮೇಲೆ ಬಿತ್ತು. ಸಮುದಾಯ ಚಿಕ್ಕದಾದಷ್ಟೂ ಕೆಟ್ಟ ಲೇಖನದ ಭಾರ ಹೆಚ್ಚು. ಈಗ ಭಾಷಾ ತಂತ್ರಾಂಶಗಳನ್ನು ತರಬೇತುಗೊಳಿಸುವಾಗ ವಿಕಿಪೀಡಿಯದ ಪಠ್ಯವನ್ನೂ ಬಳಸುವುದರಿಂದ ಆ ಭಾರ ಇನ್ನಷ್ಟು ದೂರ ಸಾಗುತ್ತದೆ.

ತಮ್ಮ ಕೆಲಸ ಆ ಬಗೆಯದಲ್ಲ. ಆದರೂ ಒಂದು ಮಿತಿಯನ್ನು ಹೇಳಬೇಕು. ಊರಿನ ಹಿರಿಯರು ಒಂದು ಸೊಪ್ಪನ್ನು ಯಾವ ಬಾಧೆಗೆ ಬಳಸುತ್ತಾರೆ, ಒಂದು ಮರದ ಹೂವನ್ನು ನೋಡಿ ಮಳೆಯನ್ನು ಹೇಗೆ ಅಂದಾಜಿಸುತ್ತಾರೆ ಎಂಬಂಥ ವಿಷಯಗಳು ಎಷ್ಟೇ ಅಮೂಲ್ಯವಾಗಿದ್ದರೂ ಎಲ್ಲಾದರೂ ಪ್ರಕಟವಾಗುವ ಮುನ್ನ ವಿಶ್ವಕೋಶಕ್ಕೆ ಸಲ್ಲುವುದಿಲ್ಲ, ಏಕೆಂದರೆ ಅಲ್ಲಿ ಸ್ವಂತ ಸಂಶೋಧನೆಗೆ ಅವಕಾಶವಿಲ್ಲ. ಅಂಥವನ್ನು ಹೇಳಿದವರ ಒಪ್ಪಿಗೆ ಪಡೆದು ಮೊದಲು ಪತ್ರಿಕೆಯಲ್ಲೋ ಪುಸ್ತಕದಲ್ಲೋ ಪ್ರಕಟಿಸಿ. ವಿಕಿಪೀಡಿಯದ ಲೇಖನ ಅದನ್ನು ಆಧಾರವಾಗಿ ತೋರಿಸಲಿ. ನನ್ನ ಕ್ಷೇತ್ರ ಟಿಪ್ಪಣಿಗಳನ್ನು ನೇರವಾಗಿ ಲೇಖನಕ್ಕೆ ಸೇರಿಸಿ, ಅವೆಲ್ಲವೂ ಅಳಿಸಿಹೋದ ಮೇಲೆ ನಾನು ಈ ಪಾಠ ಕಲಿತೆ. ತಪ್ಪು ನನ್ನದೇ ಆಗಿತ್ತು.

ಉತ್ತರ 3: ಪುತ್ತೂರಿನ ಓದುಗ

ನಾನು ಬರೆಯುವವನಲ್ಲ, ಓದುವವನು. ನಮ್ಮ ಕಡೆ ಶರಬತ್ತಿಗೂ ಸಾರಿಗೂ ಬಳಸುವ ಕೆಂಪು ಹಣ್ಣನ್ನು ಪುನರ್ಪುಳಿ ಎನ್ನುತ್ತೇವೆ, ನಿಮ್ಮ ಜಿಲ್ಲೆಯಲ್ಲಿ ಅದೇ ಮುರುಗಲು. ಎರಡೂ ಗಾರ್ಸಿನಿಯಾ ಇಂಡಿಕಾ ಎಂಬ ಒಂದೇ ಮರದ ಹೆಸರುಗಳೆಂದು ತಿಳಿಯದವನು ಒಂದು ಹೆಸರಿನಿಂದ ಹುಡುಕಿ, ಏನೂ ಸಿಗಲಿಲ್ಲವೆಂದು ಮುಚ್ಚಿಬಿಡುತ್ತಾನೆ. ಅದೇ ಕುಲದ ಉಪ್ಪಾಗೆ ಬೇರೆ ಮರ, ಅದರ ಹಣ್ಣು ಹಳದಿ, ಮೈಮೇಲೆ ಗೀರುಗಳಿರುತ್ತವೆ. ಆದರೂ ಎರಡರ ಸಿಪ್ಪೆಯನ್ನೂ ಒಣಗಿಸಿ ಹುಳಿಗೆ ಬಳಸುವುದರಿಂದ ಪೇಟೆಯವರು ಒಂದನ್ನು ಇನ್ನೊಂದೆಂದು ತಿಳಿಯುವುದುಂಟು. ಇಂಥ ಕಡೆ ಪ್ರಾದೇಶಿಕ ಹೆಸರಿನಿಂದ ಮುಖ್ಯ ಲೇಖನಕ್ಕೆ ಒಂದು ಪುನರ್ನಿರ್ದೇಶನ (ಆ ಹೆಸರಿನಿಂದ ಹುಡುಕಿದವರನ್ನು ತಾನಾಗಿ ಮುಖ್ಯ ಲೇಖನಕ್ಕೆ ಒಯ್ಯುವ ಕೊಂಡಿ) ಕೊಡುವುದು ಐದು ನಿಮಿಷದ ಕೆಲಸ. ಆದರೆ ಯಾವ ಊರಿನಲ್ಲಿ ಯಾವ ಹೆಸರಿದೆ ಎಂದು ಬಲ್ಲವರೇ ಅದನ್ನು ಮಾಡಬೇಕು. ಇಂಗ್ಲಿಷಿನ ಲೇಖನ ಎಷ್ಟೇ ದೊಡ್ಡದಿರಲಿ, ಮುರುಗಲು ಎಂಬ ಹೆಸರೊಂದನ್ನೇ ಬಲ್ಲ ನಿಮ್ಮ ವಿದ್ಯಾರ್ಥಿನಿಗೆ ಅದು ಕೈಗೆಟುಕದು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞಳಾಗಿದ್ದೇನೆ. ತಿಂಗಳಿಗೆ ಹತ್ತು ಹದಿನೈದು ಓದುಗರೆಂದು ಬರೆದಾಗ, ನನ್ನ ತರಗತಿಯ ಮಕ್ಕಳೂ ಅವರಲ್ಲಿರಬಹುದು ಎಂಬುದು ಹೊಳೆದಿರಲಿಲ್ಲ. ಹೆಸರುಗಳ ವಿಷಯ ಮನಸ್ಸಿಗೆ ನಾಟಿತು. ಹೊಸ ಲೇಖನಗಳನ್ನು ಕೆಲವು ತಿಂಗಳು ನಿಲ್ಲಿಸಿ, ಬರೆದಿರುವ ಮರಗಳಿಗೆ ಕರಾವಳಿ, ಮಲೆನಾಡು, ಬಯಲುಸೀಮೆಗಳಲ್ಲಿರುವ ಹೆಸರುಗಳನ್ನು ಆಧಾರಸಹಿತ ಸೇರಿಸುತ್ತೇನೆ. ಮತ್ತಿ, ನಂದಿ, ಹೊನ್ನೆ ಈ ಮೂರರಿಂದ ಆರಂಭಿಸಬೇಕೆಂದಿದ್ದೇನೆ. ಇವುಗಳಿಗೆ ನಿಮ್ಮ ಊರಿನಲ್ಲಿ ಬೇರೆ ಹೆಸರಿದ್ದು, ಅದು ಮುದ್ರಿತ ಪುಸ್ತಕದಲ್ಲಿ ದಾಖಲಾಗಿದ್ದರೆ, ದಯವಿಟ್ಟು ಪುಟಸಂಖ್ಯೆಯೊಡನೆ ಇಲ್ಲಿ ತಿಳಿಸಿ.