ರೆಗ್ಯುಲೇಟರ್ ವೆಂಟಿಗೆ 8 ಎಂಎಂ ಟ್ಯೂಬ್ ಸಾಕಾ?

ಪ್ರಶ್ನೆ (ತೀರ್ಥಹಳ್ಳಿ): ನಮಸ್ಕಾರ ಸರ್. ನಮ್ಮದು ಚಿಕ್ಕ ಹೋಟೆಲ್. ಹಿಂದಿನ ಶೆಡ್ಡಿನಲ್ಲಿ 19 ಕೆಜಿಯ ನಾಲ್ಕು ಸಿಲಿಂಡರ್ ಇವೆ. ರೆಗ್ಯುಲೇಟರನ್ನು ಮಾತ್ರ ಒಳಗೆ, ಅಡುಗೆಮನೆ ಪಕ್ಕದ ಗೋಡೆಗೆ ಕೂರಿಸಿದ್ದಾರೆ. ಅದರ ವೆಂಟ್ (ಗಾಳಿಯಾಡುವ ತೂತು) ಅರ್ಧ ಇಂಚಿನದು. ಫಿಟ್ಟರ್ ಅದಕ್ಕೆ 8 ಎಂಎಂ ತಾಮ್ರದ ಟ್ಯೂಬ್ ಹಾಕಿ 25 ಅಡಿ ಮೇಲೆ, ತಾರಸಿಗೆ ಒಯ್ದಿದ್ದಾರೆ. ಬಾಯಿ ಆಕಾಶಕ್ಕೆ ತೆರೆದಿದೆ. "ಇದರಲ್ಲಿ ಗ್ಯಾಸೇ ಬರಲ್ಲ, ಸುಮ್ನೆ ಇರ್ಲಿ ಅಂತ ಹಾಕಿದ್ದು" ಅನ್ನುತ್ತಾರೆ. ಮಳೆ ಹಿಡಿದ ಮೇಲೆ ಒಲೆಯ ಉರಿ ಒಮ್ಮೊಮ್ಮೆ ಜಾಸ್ತಿ ಆಗುತ್ತಿದೆ. ಇದಕ್ಕೂ ಟ್ಯೂಬಿಗೂ ಸಂಬಂಧ ಇದೆಯಾ?

ಉತ್ತರ (ಗ್ಯಾಸ್ ಪೈಪಿಂಗ್ ಎಂಜಿನಿಯರ್, ಶಿವಮೊಗ್ಗ): ಇರಬಹುದು. ಮೊದಲು ಸಿಲಿಂಡರ್ ವಾಲ್ವ್ ಎಲ್ಲಾ ಮುಚ್ಚಿ, ತಿಳಿದ ಫಿಟ್ಟರ್ ಕರೆಸಿ ವೆಂಟ್ ಬಿಚ್ಚಿಸಿ. ಒಳಗೆ ನೀರು ನಿಂತಿದೆಯಾ ನೋಡಲಿ.

ರೆಗ್ಯುಲೇಟರ್ ಒಳಗೆ ಡಯಾಫ್ರಾಮ್, ಅಂದರೆ ರಬ್ಬರಿನ ಪೊರೆ ಇದೆ. ಕೆಳಗೆ ಗ್ಯಾಸ್, ಮೇಲೆ ಸ್ಪ್ರಿಂಗ್ ಮತ್ತು ಗಾಳಿ. ಉರಿ ಹೆಚ್ಚು ಕಡಿಮೆ ಮಾಡಿದಾಗ ಅದು ಮೇಲೆ ಕೆಳಗೆ ಆಡಬೇಕು. ಆ ಗಾಳಿ ಒಳಗೆ ಹೊರಗೆ ಹೋಗುವ ದಾರಿಯೇ ವೆಂಟ್. ಮೇಲಿನ ಗಾಳಿಯ ಒತ್ತಡ ಎಷ್ಟು ಏರುತ್ತದೋ ಒಲೆಗೆ ಹೋಗುವ ಒತ್ತಡವೂ ಅಷ್ಟೇ ಏರುತ್ತದೆ. ಟ್ಯೂಬಿನಲ್ಲಿ 10 ಸೆಂ.ಮೀ. ನೀರು ನಿಂತರೆ ಅದು ಸುಮಾರು 10 ಮಿಲಿಬಾರ್ ಒತ್ತಡ. 30 ಕೊಡಬೇಕಾದ ರೆಗ್ಯುಲೇಟರ್ ಆಗ 40 ಕೊಡುತ್ತದೆ. ಆಗುಂಬೆ ಕಡೆಯ ಮಳೆಯಲ್ಲಿ ಟ್ಯೂಬ್ ತುಂಬಲು ಎಷ್ಟು ಹೊತ್ತು ಬೇಕು, ಅಲ್ವಾ?

ಇನ್ನು ಗಾತ್ರ. ಡಯಾಫ್ರಾಮ್ ಹರಿದರೆ ಗ್ಯಾಸ್ ಇದೇ ದಾರಿಯಲ್ಲಿ ಹೊರಗೆ ಹೋಗಬೇಕು. ನಿಮ್ಮ ಟ್ಯೂಬಿನ ಒಳ ವ್ಯಾಸ 6 ಎಂಎಂ ಇರಬಹುದು, ಅರ್ಧ ಇಂಚಿನ ಪೈಪಿಗೆ ಸುಮಾರು 15. ಅಷ್ಟೇ ಗ್ಯಾಸನ್ನು ಸಣ್ಣದರಲ್ಲಿ ತಳ್ಳಲು ಹತ್ತಿರ ಹತ್ತಿರ ನೂರು ಪಟ್ಟು ಒತ್ತಡ ಬೇಕು. ವೆಂಟ್ ತೂತಿಗಿಂತ ಸಣ್ಣ ಪೈಪ್ ಎಂದೂ ಹಾಕಬಾರದು. ದೂರ ಹೋದಷ್ಟೂ ದಪ್ಪ ಬೇಕು. ನಾನು ಪ್ರತಿ 10 ಅಡಿಗೆ ಒಂದು ಸೈಜ್ ಏರಿಸುತ್ತೇನೆ (ಅರ್ಧ, ಮುಕ್ಕಾಲು, ಒಂದು ಇಂಚು ಹೀಗೆ), ಎಲ್ಬೋ (ಪೈಪಿನ ತಿರುವು) ಒಂದಕ್ಕೆ ಎರಡು ಅಡಿ ಲೆಕ್ಕ ಹಿಡಿಯುತ್ತೇನೆ. ನಿಮ್ಮ 25 ಅಡಿಗೆ ಒಂದು ಇಂಚು. ರೆಗ್ಯುಲೇಟರಿನಲ್ಲೇ ರಿಲೀಫ್ ವಾಲ್ವ್ (ಒತ್ತಡ ಮಿತಿ ಮೀರಿದರೆ ಗ್ಯಾಸ್ ಹೊರಬಿಡುವುದು) ಇದ್ದರೆ ತಯಾರಕರ ಕ್ಯಾಟಲಾಗಿನ ಅಂಕಿಯೇ ಕೊನೆ.

ಆದರೆ ನನ್ನ ಕೇಳಿದರೆ ಪೈಪ್ ದಪ್ಪ ಮಾಡುವುದಕ್ಕಿಂತ ರೆಗ್ಯುಲೇಟರನ್ನೇ ಹೊರಗಿನ ಶೆಡ್ಡಿಗೆ ಒಯ್ಯಿರಿ. ಇಷ್ಟುದ್ದ ಪೈಪೇ ಬೇಕಾಗುವುದಿಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ. ಚರಂಡಿ, ಸಂಪು, ಕಿಟಕಿಯಿಂದ ದೂರ ಇರಲಿ. ಬಾಯಿ ಕೆಳಮುಖ ಇರಲಿ, ಜಾಲರಿ ಹಾಕಿ. ಇಲ್ಲದಿದ್ದರೆ ಕುಂಬಾರ ಹುಳ ಮಣ್ಣು ಮೆತ್ತಿ ಮುಚ್ಚಿಬಿಡುತ್ತದೆ. ಮಳೆಗಾಲಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ನೋಡಿಸಿ.

ಪ್ರಶ್ನೆ (ಸಾಗರ): ನಮ್ಮ ಕಟ್ಟಡದಲ್ಲಿ ಎರಡು ರೆಗ್ಯುಲೇಟರ್ ಇವೆ. ಎರಡರ ವೆಂಟನ್ನೂ ಒಂದೇ ಪೈಪಿಗೆ ಸೇರಿಸಬಹುದಾ?

ಉತ್ತರ: ಬೇಡ. ಒಂದರ ಡಯಾಫ್ರಾಮ್ ಹರಿದರೆ ಆ ಗ್ಯಾಸ್ ಇನ್ನೊಂದರ ತಲೆ ಮೇಲೆ ಕೂರುತ್ತದೆ. ಚೆನ್ನಾಗಿರುವ ರೆಗ್ಯುಲೇಟರಿನ ಒಲೆಯಲ್ಲೂ ಉರಿ ಎದ್ದೇಳುತ್ತದೆ. ಬೇರೆ ಬೇರೆ ಒಯ್ಯಿರಿ.

ಪ್ರಶ್ನೆ (ಹೊಸನಗರ): ಮನೆಯ 14.2 ಕೆಜಿ ಸಿಲಿಂಡರಿಗೂ ವೆಂಟ್ ಪೈಪ್ ಬೇಕಾ ಅಣ್ಣ?

ಉತ್ತರ: ಬೇಡ. ಆ ರೆಗ್ಯುಲೇಟರಿನಲ್ಲೂ ಉಸಿರಾಡುವ ಸಣ್ಣ ತೂತು ಇದೆ. ಅದಕ್ಕೆ ಟೇಪ್ ಸುತ್ತಬೇಡಿ. ಸೋಪಿನ ನೀರು ಹಚ್ಚಿ ನೋಡಿ. ಉರಿ ತಿರುಗಿಸಿದಾಗ ಒಂದೆರಡು ಗುಳ್ಳೆ ಬಂದರೆ ಪರವಾಗಿಲ್ಲ. ಬಿಡದೆ ಬರುತ್ತಿದ್ದರೆ ಡಯಾಫ್ರಾಮ್ ಹರಿದಿದೆ. ಅವತ್ತೇ ಬದಲಾಯಿಸಿಕೊಳ್ಳಿ.