ಸೀ ಕಯಾಕ್‌ನ ಹಿಂದಿನ ಖಾನೆಗೆ ನೀರು ಬರ್ತಿದೆ, ಬಲ್ಕ್‌ಹೆಡ್‌ನ ಸಣ್ಣ ತೂತು ಮುಚ್ಚಬಹುದಾ?

ತೆರೆಮಗ್ಗುಲು ಕೇಳಿದ್ದು:

17 ಅಡಿಯ ಫೈಬರ್‌ಗ್ಲಾಸ್ ಸೀ ಕಯಾಕ್, ಸೆಕೆಂಡ್ ಹ್ಯಾಂಡ್. ಮೂರು ಬಲ್ಕ್‌ಹೆಡ್ (ಖಾನೆಗಳ ನಡುವಿನ ಅಡ್ಡಗೋಡೆ), ಸ್ಕೆಗ್ (ದೋಣಿ ನೇರ ಹೋಗಲು ತಳದಿಂದ ಇಳಿಸುವ ಅಲಗು) ಇದೆ, ರಡ್ಡರ್ (ಚುಕ್ಕಾಣಿ) ಇಲ್ಲ. ಮಲ್ಪೆಯಿಂದ ಹೊರಟು ಸೇಂಟ್ ಮೇರೀಸ್ ದ್ವೀಪಕ್ಕೆ ಸುತ್ತು ಹಾಕಿ ಬರುವಷ್ಟರಲ್ಲಿ ಹಿಂದಿನ ಖಾನೆಯಲ್ಲಿ 3–4 ಲೀಟರ್ ಉಪ್ಪುನೀರು. ಮುಂದಿನ ಖಾನೆ, ಡೇ ಹ್ಯಾಚ್ (ಸೀಟಿನ ಹಿಂದಿನ ಸಣ್ಣ ಖಾನೆ) ಎರಡೂ ಒಣ. ಹೊರಡುವ ಮೊದಲು ಒಂದು ಗಂಟೆ ದೋಣಿ ಬೀಚಿನ ಬಿಸಿಲಲ್ಲಿತ್ತು, ಹ್ಯಾಚ್‌ಗಳು (ಖಾನೆಗಳ ಬಾಯಿ) ಮುಚ್ಚಿಯೇ ಇದ್ದವು. ತಳದಲ್ಲಿ, ಸೀಟಿನ ಹಿಂದೆ, ಜೆಲ್‌ಕೋಟ್ (ಹೊರಗಿನ ನುಣುಪು ಪದರ) ಮೇಲೆ ನಾಣ್ಯದಗಲದ ನಕ್ಷತ್ರದಂಥ ಗೀರುಗಳಿವೆ. ಹಿಂದಿನ ಬಲ್ಕ್‌ಹೆಡ್‌ನ ಮೇಲ್ಭಾಗದಲ್ಲಿ ಸೂಜಿಯಷ್ಟು ಸಣ್ಣ ತೂತೊಂದಿದೆ. ಅದಕ್ಕೆ ಎಂ-ಸೀಲ್ ಹಾಕಿ ಮುಚ್ಚಿಬಿಡಲಾ? ಗೀರಿಗೆ ರಿಪೇರಿ ಹೇಗೆ? ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಬಡಗಲಿಗೆ ಮರವಂತೆಯವರೆಗೆ ಹೋಗುವ ಯೋಚನೆ ಇದೆ, ಇಬ್ಬರು, ಎರಡು ದೋಣಿ. ನಡುನೀರಿನಲ್ಲಿ ಹೀಗಾದರೆ ಏನು ಮಾಡಬೇಕು?

---

ಅಳಿವೆಬಾಗಿಲು:

ಆ ತೂತು ಮುಚ್ಚಬೇಡಿ ಮಾರಾಯ್ರೆ. ದೋಣಿ ಕಟ್ಟಿದವರು ಬೇಕೆಂದೇ ಬಿಟ್ಟದ್ದು ಅದು.

ನೀವು ಬರೆದದ್ದರಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಬಿಸಿಲಿನ ಮಾತು. ಹಿಂದಿನ ಖಾನೆ 100 ಲೀಟರ್ ಅಂತಿಟ್ಟುಕೊಳ್ಳಿ. ಬಿಸಿಲಲ್ಲಿ ಒಳಗಿನ ಗಾಳಿ 50 ಡಿಗ್ರಿಗೆ ಹೋಗಿರುತ್ತದೆ. 28 ಡಿಗ್ರಿಯ ನೀರಿಗಿಳಿಸಿದ ಕೂಡಲೇ ಅದು ತಣಿದು ಕುಗ್ಗುತ್ತದೆ, ಸುಮಾರು 7 ಲೀಟರಿನಷ್ಟು. ತೂತು ತೆರೆದಿದ್ದರೆ ಅಷ್ಟು ಗಾಳಿ ಕಾಕ್‌ಪಿಟ್ (ನೀವು ಕೂರುವ ಜಾಗ) ಕಡೆಯಿಂದ ಬರುತ್ತದೆ. ಕಟ್ಟಿದ್ದರೆ ಖಾನೆ ಎಲ್ಲಿ ಬಡಕಲಾಗಿದೆಯೋ ಅಲ್ಲಿಂದ ನೀರನ್ನೇ ಹೀರಿಕೊಳ್ಳುತ್ತದೆ, ಸ್ಟ್ರಾ ಇಟ್ಟು ಎಳೆದ ಹಾಗೆ. ಸುಮ್ಮನೆ ತೇಲುವಾಗ ಒಂದು ಹನಿಯೂ ಸೋರದ ಜಾಗ ಆಗ ಲೀಟರುಗಟ್ಟಲೆ ಎಳೆಯುತ್ತದೆ. ಹಾಗಾಗಿ ಮೊದಲು ಆ ತೂತಿಗೆ ಸೂಜಿ ಹಾಕಿ ನೋಡಿ, ಉಪ್ಪು ಕಟ್ಟಿರಬಹುದು. ಡೇ ಹ್ಯಾಚ್ ಮತ್ತು ಕಾಕ್‌ಪಿಟ್ ನಡುವಿನ ಗೋಡೆಯಲ್ಲೂ ಅಂಥದ್ದೇ ತೂತು ಇರಬೇಕು, ಇಲ್ಲವಾದರೆ ಗಾಳಿಗೆ ದಾರಿ ಅರ್ಧಕ್ಕೇ ನಿಂತುಹೋಗುತ್ತದೆ. 1ರಿಂದ 1.5 ಮಿ.ಮೀ. ಸಾಕು, ಡೆಕ್‌ಗೆ ಹತ್ತಿರ ಇರಬೇಕು. ಇನ್ನು ಮುಂದೆ ದಡದಲ್ಲಿ ನಿಲ್ಲಿಸುವಾಗ ಹ್ಯಾಚ್ ಸ್ವಲ್ಪ ಎತ್ತಿಡಿ, ನೀರಿಗಿಳಿಸುವ ಮುಂಚೆ ಮುಚ್ಚಿದರಾಯಿತು.

ಆಮೇಲೆ ಎಲ್ಲಿ ಸೋರುತ್ತದೆ ಅಂತ ಹುಡುಕಿ. ಹುಡುಕದೆ ಸಿಲಿಕಾನ್ ಮೆತ್ತುವವರೇ ಜಾಸ್ತಿ. ಸಿಲಿಕಾನ್ ಒಮ್ಮೆ ಬಳಿದ ಜಾಗಕ್ಕೆ ಮುಂದೆ ರೆಸಿನ್ ಆಗಲಿ ಬಣ್ಣ ಆಗಲಿ ಹಿಡಿಯುವುದಿಲ್ಲ.

ಎರಡು ಹಳೇ ಕಾರ್ ಟಯರ್ ಮೇಲೆ ದೋಣಿ ಇಡಿ. ಹೊರಮೈಯನ್ನು ಬಟ್ಟೆಯಿಂದ ಪೂರ್ತಿ ಒರೆಸಿ ಒಣಗಿಸಿ. ಡೆಕ್ ಮತ್ತು ತಳ ಕೂಡುವ ಸೀಮ್ ಉದ್ದಕ್ಕೂ, ಸ್ಕೆಗ್ ಬಾಕ್ಸಿನ (ಸ್ಕೆಗ್ ಒಳಸೇರುವ ಗೂಡು) ಸುತ್ತ, ಗೀರುಗಳ ಮೇಲೆ ಸೀಮೆಸುಣ್ಣ ಉಜ್ಜಿ (ದೋಣಿ ಬಿಳಿಯದಾದರೆ ಬಣ್ಣದ ಸುಣ್ಣ). ಖಾನೆಗೆ 20 ಲೀಟರ್ ನೀರು ಹುಯ್ಯಿರಿ, ಜಾಸ್ತಿ ಬೇಡ, ಆಧಾರವಿಲ್ಲದ ತಳದ ಮೇಲೆ ಅಷ್ಟೂ ಭಾರ ಬೀಳುತ್ತದೆ. ಹತ್ತು ನಿಮಿಷ ನೆಟ್ಟಗೆ, ಹತ್ತು ನಿಮಿಷ ಎಡಕ್ಕೆ ವಾಲಿಸಿ, ಹತ್ತು ನಿಮಿಷ ಬಲಕ್ಕೆ. ಸುಣ್ಣ ಕಪ್ಪಗಾಗಿ ಒದ್ದೆ ಗೆರೆ ಕಂಡಲ್ಲಿ ಪೆನ್ಸಿಲಿನಲ್ಲಿ ಗುರುತು ಮಾಡಿ. ನೀರು ಒಳಗಿನಿಂದ ಬಲ್ಕ್‌ಹೆಡ್ ದಾಟಿ ಡೇ ಹ್ಯಾಚಿಗೆ ಬಂತಾ, ಅದನ್ನೂ ನೋಡಿ. ಸೈಕಲ್ ಪಂಪು, ಕಂಪ್ರೆಸರ್ ಹಾಕಿ ಗಾಳಿ ತುಂಬಿಸುವ ಪ್ರಯೋಗ ಮಾತ್ರ ಬೇಡ, ಬಲ್ಕ್‌ಹೆಡ್ ಅಂಚು ಬಿಟ್ಟುಹೋಗುತ್ತದೆ.

ಹ್ಯಾಚ್ ಮುಚ್ಚಳ ಬೇರೆಯೇ ನೋಡಬೇಕು. ರಬ್ಬರನ್ನು ಅಂಚಿನಲ್ಲಿ ಪೂರ್ತಿ ಮಡಚಿ, ಹೆಬ್ಬೆರಳಿನಿಂದ ಎಳೆಯಿರಿ. ನೆಟ್ಟಗಿದ್ದಾಗ ಕಾಣದ ಬಿರುಕು ಆಗ ಬಾಯಿ ಬಿಡುತ್ತದೆ. ರಿಮ್‌ನ ತೋಡಿನಲ್ಲಿ ಎರಡು ಮರಳು ಕಾಳು ಕೂತರೂ ತೆರೆ ಹೊಡೆದಾಗಲೆಲ್ಲ ನೀರು ಒಳಗೆ. ತೆಂಗಿನೆಣ್ಣೆ, ವ್ಯಾಸಲೀನ್ ಹಚ್ಚಬೇಡಿ, ರಬ್ಬರ್ ಉಬ್ಬುತ್ತದೆ. ಸಿಲಿಕಾನ್ ಗ್ರೀಸ್ ತೆಳ್ಳಗೆ ಸಾಕು.

---

ಮ್ಯಾಟ್‌ರೆಸಿನ್:

ಗೀರಿನ ವಿಷಯ ಮಾತ್ರ ಹೇಳುತ್ತೇನೆ. ನಕ್ಷತ್ರದ ಗೀರು ಬಹುತೇಕ ಜೆಲ್‌ಕೋಟಿನದ್ದೇ, ಅದರಿಂದ ನೀರು ಬರುವುದಿಲ್ಲ. ಖಾತ್ರಿಯಾಗಬೇಕಿದ್ದರೆ ಹೊರಗಿನಿಂದ ಹೆಬ್ಬೆರಳಲ್ಲಿ ಒತ್ತಿ, ಒಳಗಡೆಯಿಂದ ಟಾರ್ಚ್ ಬಿಟ್ಟು ನೋಡಿ. ಕಿರ್ರ್ ಅಂದರೆ, ಅಥವಾ ಒಳಮೈಯಲ್ಲಿ ಬಿಳಿ ಮಚ್ಚೆ ಕಂಡರೆ ಗ್ಲಾಸ್ ನಾರೇ ಮುರಿದಿದೆ. ಸೇಂಟ್ ಮೇರೀಸ್‌ನಂಥ ಕಂಬಗಲ್ಲಿನ ಅಂಚಿಗೆ, ಬಂಡೆಗಂಟಿದ ಚಿಪ್ಪಿಗೆ ಹಿಂಬದಿ ಕುಕ್ಕಿದರೆ ಆಗುವುದು ಇಂಥದ್ದೇ.

ಮುರಿದಿದ್ದರೆ ಸಿಹಿನೀರಲ್ಲಿ ಎರಡು ಸಲ ತೊಳೆದು ಎರಡು ಮೂರು ದಿನ ನೆರಳಲ್ಲಿ ಒಣಗಿಸಿ. ಉಪ್ಪು ಉಳಿದರೆ ಅದು ತೇವ ಎಳೆಯುತ್ತಲೇ ಇರುತ್ತದೆ, ಪ್ಯಾಚ್ ಕಚ್ಚುವುದಿಲ್ಲ. ಬಿರುಕಿನ ಸುತ್ತ ದಪ್ಪದ 12 ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಬೇಕು: ತಳ 3 ಮಿ.ಮೀ. ಇದ್ದರೆ ಎಲ್ಲ ಕಡೆಗೂ 36 ಮಿ.ಮೀ. ಮಾಸ್ಕ್ ಹಾಕದೆ ಉಜ್ಜಬೇಡಿ. ಅಸಿಟೋನ್‌ನಲ್ಲಿ ಒರೆಸಿ, ಚದರ ಮೀಟರಿಗೆ 300 ಗ್ರಾಂ ತೂಗುವ ಗ್ಲಾಸ್ ನಾರಿನ ಮ್ಯಾಟ್ ಮೂರು ಪದರ, ಪ್ರತಿ ಪದರವೂ ಹಿಂದಿನದಕ್ಕಿಂತ ಸುತ್ತಲೂ ಒಂದೆರಡು ಸೆಂ.ಮೀ. ದೊಡ್ಡದು. ಗುಳ್ಳೆ ಹೋಗುವ ತನಕ ಬ್ರಶ್ಶಿನ ತುದಿಯಿಂದ ಕುಟ್ಟಬೇಕು, ಬಳಿಯುವುದಲ್ಲ.

ನಾಡದೋಣಿ ಕೆಲಸದ ಅಂಗಡಿಗಳಲ್ಲಿ ಪಾಲಿಯೆಸ್ಟರ್ ರೆಸಿನ್, ಕೋಬಾಲ್ಟ್ (ಗಟ್ಟಿಯಾಗುವುದನ್ನು ಚುರುಕುಗೊಳಿಸುವ ದ್ರವ), ಹಾರ್ಡ್ನರ್ ಮೂರು ಬೇರೆ ಬೇರೆ ಕೊಡುತ್ತಾರೆ. ಕೋಬಾಲ್ಟ್ ಮೊದಲು ರೆಸಿನ್‌ಗೆ ಹಾಕಿ ಪೂರ್ತಿ ಕಲಸಿ, ಆಮೇಲೆ ಹಾರ್ಡ್ನರ್. ಕೋಬಾಲ್ಟನ್ನೂ ಹಾರ್ಡ್ನರನ್ನೂ ನೇರವಾಗಿ ಒಂದಕ್ಕೊಂದು ಬೆರೆಸಲೇಬಾರದು, ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಅಳೆಯಲು ಕೂಡ ಎರಡಕ್ಕೂ ಒಂದೇ ಸಿರಿಂಜ್ ಬಳಸಬೇಡಿ. 100 ಗ್ರಾಂ ರೆಸಿನ್‌ಗೆ ಹಾರ್ಡ್ನರ್ 1ರಿಂದ 2 ಗ್ರಾಂ. ನಮ್ಮ ಸೆಕೆಗೆ ಬೇಗ ಗಟ್ಟಿಯಾಗುತ್ತದೆ, ಒಮ್ಮೆಗೆ 100–150 ಗ್ರಾಂ ಮೀರಿ ಕಲಸಬೇಡಿ.

ಇದನ್ನು ಹಿಂದೆ ಯಾರಾದರೂ ಎಪಾಕ್ಸಿಯಲ್ಲಿ ರಿಪೇರಿ ಮಾಡಿದ್ದರೆ ಅದರ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಕೂರುವುದಿಲ್ಲ, ಎಪಾಕ್ಸಿಯೇ ಹಾಕಿ. ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಕೂರುತ್ತದೆ. ಇನ್ನು ಬಾಡಿಗೆಗೆ ಸಿಗುವ ಪ್ಲಾಸ್ಟಿಕ್ ದೋಣಿಗಳಿಗೆ ಇದ್ಯಾವುದೂ ಅಂಟುವುದಿಲ್ಲ. ಬಿರುಕಿನ ಎರಡೂ ತುದಿಗೆ 3 ಮಿ.ಮೀ. ತೂತು ಕೊರೆದು, ಅದೇ ಪ್ಲಾಸ್ಟಿಕ್‌ನ ಕಡ್ಡಿ ಕರಗಿಸಿ ವೆಲ್ಡ್ ಮಾಡಬೇಕು.

---

ಪಡುಗಾಳಿ:

ನಡುನೀರಿನ ಪ್ರಶ್ನೆಗೆ. ಅಲ್ಲಿ ತೂತು ಮುಚ್ಚುವುದು ಎರಡನೇ ಕೆಲಸ. ನೀರು ಬಂದರೂ ತುಂಬಿಕೊಳ್ಳಲು ಜಾಗ ಸಿಗದ ಹಾಗೆ ಮಾಡುವುದು ಮೊದಲನೆಯದು, ಅದನ್ನು ದಡದಲ್ಲೇ ಮಾಡಿರಬೇಕು. ಸಾಮಾನಿಲ್ಲದ ಖಾನೆಗೆ ಗಾಳಿ ತುಂಬಿ ಬಾಯಿ ಸುತ್ತಿದ ಡ್ರೈ ಬ್ಯಾಗ್ (ನೀರು ಹೋಗದ ಚೀಲ) ತುರುಕಿ. ಅದಿಲ್ಲದಿದ್ದರೆ ಬಿರಡೆ ಬಿಗಿದ ಖಾಲಿ 2 ಲೀಟರ್ ಬಾಟಲಿಗಳು. ಹತ್ತು ಹಾಕಿದರೆ 20 ಲೀಟರ್ ನೀರಿಗೆ ಪ್ರವೇಶವಿಲ್ಲ.

ಗೊತ್ತಾಗುವುದು ಹೀಗೆ: ಹಿಂಬದಿ ಕುಳಿತುಬಿಡುತ್ತದೆ, ಮೂತಿ ಎದ್ದು ಗಾಳಿ ಹೋಗುವ ಕಡೆಗೇ ತಿರುಗಿಕೊಳ್ಳುತ್ತದೆ, ಎಷ್ಟು ಹೊಡೆದರೂ ಗಾಳಿಗೆದುರು ಬರುವುದಿಲ್ಲ. ವಾಲಿಸಿದರೆ ಒಳಗಿನ ನೀರು ಒಂದು ಕ್ಷಣ ತಡವಾಗಿ ಅದೇ ಬದಿಗೆ ಓಡಿಬಂದು ಇನ್ನಷ್ಟು ವಾಲಿಸುತ್ತದೆ. ಮಗುಚುವುದು ಸಾಮಾನ್ಯವಾಗಿ ಆಗಲೇ. ಅನುಮಾನ ಬಂದ ಕೂಡಲೇ ಜೊತೆಗಾರರನ್ನು ಕರೆಯಿರಿ, ಇನ್ನೊಂದು ಕಿಲೋಮೀಟರ್ ನೋಡೋಣ ಅನ್ನಬೇಡಿ.

ಎರಡು ದೋಣಿ ಪಕ್ಕಕ್ಕೆ ಪಕ್ಕ ಬರಲಿ, ಒಂದರ ಮೂತಿ ಇನ್ನೊಂದರ ಹಿಂಬದಿಗೆ. ಆಗ ನಿಮ್ಮ ಹಿಂದಿನ ಹ್ಯಾಚ್ ಜೊತೆಗಾರರ ಕೈಗೆ ಸಿಗುತ್ತದೆ. ನೀವು ಅವರ ಡೆಕ್ ಮೇಲೆ ಭಾರ ಹಾಕಿ ತಬ್ಬಿಕೊಂಡಿರಿ, ಅವರು ಹ್ಯಾಚ್ ತೆಗೆದು ಕೈಪಂಪಿನಿಂದ ನೀರು ತೆಗೆಯಲಿ, ಕೊನೆಗೆ ಸ್ಪಂಜು. ಗಾಳಿಚೀಲ ತುರುಕಿ ಮುಚ್ಚಿ. ಒಬ್ಬರೇ ಇರುವಾಗ ತೆರೆಯಲ್ಲಿ ಆ ಹ್ಯಾಚ್ ತೆರೆಯಬೇಡಿ, ಹೋಗುವ ನೀರಿಗಿಂತ ಬರುವುದೇ ಜಾಸ್ತಿ. ಮುಚ್ಚಳವೇ ಕಳೆದುಹೋದರೆ ಡ್ರೈ ಬ್ಯಾಗನ್ನು ರಿಮ್ ಮೇಲೆ ಬಿಗಿಯಾಗಿ ಹಾಸಿ ಎಲಾಸ್ಟಿಕ್ ಹಗ್ಗದಿಂದ ಎರಡು ಸುತ್ತು ಕಟ್ಟಿ. ಮುಚ್ಚಳಕ್ಕೆ ದಾರ ಕಟ್ಟಿಟ್ಟಿದ್ದರೆ ಈ ಪಾಡಿಲ್ಲ.

ಬಿರುಕು ಹೊರಗೆ ಕಾಣುತ್ತಿದ್ದರೆ ನೀವು ನೀರಿಗಿಳಿದು ನಿಮ್ಮ ದೋಣಿ ಮಗುಚಿಹಾಕಿ, ಜೊತೆಗಾರರು ಅದನ್ನು ತಮ್ಮ ಡೆಕ್ ಮೇಲೆ ಅಡ್ಡ ಎಳೆದುಕೊಳ್ಳಲಿ. ಒಣಬಟ್ಟೆ ಬೇಕು, ಅದಕ್ಕೇ ಒಂದನ್ನು ಜಿಪ್ ಚೀಲದಲ್ಲಿ ಇಟ್ಟಿರಿ. ಡಕ್ಟ್ ಟೇಪ್ ಒದ್ದೆಗೆ ಅಂಟುವುದಿಲ್ಲ. ಅಲ್ಯೂಮಿನಿಯಂ ಹಾಳೆಯ ಬ್ಯುಟೈಲ್ ಟೇಪ್ 10 ಸೆಂ.ಮೀ. ತುಂಡು ಮಾಡಿ, ಮೂಲೆ ಗುಂಡಗೆ ಕತ್ತರಿಸಿ (ಚೂಪು ಮೂಲೆ ಏಳುತ್ತದೆ), ನಡುವಿನಿಂದ ಅಂಚಿಗೆ ಒತ್ತುತ್ತಾ ಹೋಗಿ. ಮೈ ಒಣಗದಿದ್ದರೆ ನೀರಿನಡಿ ಹಿಡಿಯುವ ಎಪಾಕ್ಸಿ ಪುಟ್ಟಿಯೇ ಗತಿ. ಎರಡೂ ಬಣ್ಣ ಒಂದಾಗುವ ತನಕ ನಾದಿ, ವಡೆ ತಟ್ಟಿದ ಹಾಗೆ ತಟ್ಟಿ, ಬಿರುಕಿನಾಚೆಗೂ ಎರಡು ಬೆರಳಗಲ ಹರಡಿ ಒತ್ತಿಹಿಡಿಯಿರಿ.

ನಿಮ್ಮ ದಾರಿಯಲ್ಲಿ ಕೋಡಿ ಬೆಂಗ್ರೆ, ಗಂಗೊಳ್ಳಿ ಎರಡು ಅಳಿವೆ ಸಿಗುತ್ತವೆ. ಖಾನೆಯಲ್ಲಿ ನೀರಿದ್ದರೆ ಇಳಿತದ ಹೊತ್ತಿಗೆ ಅಳಿವೆಗೆ ನುಗ್ಗಬೇಡಿ, ನೀರು ಹೊರಗೆ ಓಡುತ್ತಿರುವಾಗ ತೆರೆ ಅಲ್ಲೇ ನೆಟ್ಟಗೆ ಏಳುತ್ತದೆ. ಪಕ್ಕದ ಮರಳ ದಂಡೆಗೆ ಹೋಗಿ. ಮಧ್ಯಾಹ್ನದ ವಾಯುವ್ಯ ಗಾಳಿ ನಿಮಗೆ ಹೆಚ್ಚುಕಮ್ಮಿ ಎದುರು, ಹಾಗಾಗಿ ಬೆಳಿಗ್ಗೆಯೇ ದೂರ ಮುಗಿಸಿ. ಫೋನ್ ಹ್ಯಾಚ್‌ನಲ್ಲಲ್ಲ, ಮೈಮೇಲೆ. ಕೋಸ್ಟ್ ಗಾರ್ಡ್ ಸಂಖ್ಯೆ 1554.

---

ತೆರೆಮಗ್ಗುಲು:

ಸುಣ್ಣದ ಪರೀಕ್ಷೆ ಆಯಿತು. ಬಲ್ಕ್‌ಹೆಡ್ ತೂತು ಉಪ್ಪು ಕಟ್ಟಿ ಪೂರ್ತಿ ಮುಚ್ಚಿತ್ತು. ತಳ, ಸೀಮ್, ಗೀರು ಎಲ್ಲ ಒಣ. ಆದರೆ ಬಲಕ್ಕೆ ವಾಲಿಸಿದಾಗ ಸ್ಕೆಗ್ ಬಾಕ್ಸಿನೊಳಗಿಂದ ನಾಲ್ಕೈದು ಸೆಕೆಂಡಿಗೊಂದು ಹನಿ. ಒಳಗೆ ಕೈಹಾಕಿದರೆ ಸ್ಕೆಗ್ ಆಡಿಸುವ ಕೇಬಲ್‌ನ ಟ್ಯೂಬ್ ಬಾಕ್ಸಿಗೆ ಸೇರುವಲ್ಲಿ ಅಲ್ಲಾಡುತ್ತಿದೆ.

---

ಅಳಿವೆಬಾಗಿಲು:

ಸಿಕ್ಕಿತಲ್ಲ. ಅಲ್ಲಿಗೆ ಎಪಾಕ್ಸಿ ಬೇಡ, ಟ್ಯೂಬಿನ ಪ್ಲಾಸ್ಟಿಕ್‌ಗೆ ಅದು ಅಂಟುವುದಿಲ್ಲ. ಟ್ಯೂಬಿನ ತುದಿ ಬಿರಿದಿದ್ದರೆ 2 ಸೆಂ.ಮೀ. ಕತ್ತರಿಸಿ ಮತ್ತೆ ತೂರಿಸಿ, ಎರಡು ಸ್ಟೇನ್‌ಲೆಸ್ ಕ್ಲಿಪ್ ಹಾಕಿ, ಸ್ಕ್ರೂ ಒಂದಕ್ಕೊಂದು ಎದುರು ದಿಕ್ಕಿಗೆ ಬರುವಂತೆ. ಸುತ್ತಲೂ ಪಾಲಿಯುರೆಥೇನ್ ಸೀಲಂಟ್. ಅದು ಗಾಳಿಯ ತೇವದಿಂದ ದಿನಕ್ಕೆ 2–3 ಮಿ.ಮೀ. ಮಾತ್ರ ಗಟ್ಟಿಯಾಗುತ್ತದೆ, ನಾಲ್ಕು ದಿನ ಹ್ಯಾಚ್ ತೆರೆದಿಟ್ಟು ಬಿಡಿ.

ಅದು ಸಡಿಲವಾದದ್ದು ಬಹುಶಃ ಬಾಕ್ಸಿನಲ್ಲಿ ಕಲ್ಲು ಸಿಕ್ಕಿಕೊಂಡಾಗ ಸ್ಕೆಗ್ ಇಳಿಸುವ ಸ್ಲೈಡರನ್ನು ಬಲವಾಗಿ ನೂಕಿದ್ದರಿಂದ. ಸ್ಕೆಗ್‌ನ ತುದಿಗೆ 3 ಮಿ.ಮೀ. ತೂತು ಕೊರೆದು ಒಂದು ಗೇಣು ದಾರ ಕಟ್ಟಿಡಿ. ಕಲ್ಲು ಸಿಕ್ಕಿದಾಗ ಸ್ಲೈಡರ್ ಮುಟ್ಟದೆ ಜೊತೆಗಾರರು ಕೆಳಗಿನಿಂದ ಆ ದಾರ ಎಳೆದರೆ ಸಾಕು.