ರೌಂಡ್ ದ ವರ್ಲ್ಡ್ ಟಿಕೆಟಲ್ಲಿ ಒಂದೇ ರಾತ್ರಿ ಉಳಿದ್ರೂ ಸ್ಟಾಪ್‌ಓವರ್ ಆಗತ್ತಾ?

ಪ್ರಶ್ನೆ: ಟಿಕೆಟಿಂಗ್ ಕೆಲಸದಲ್ಲಿ ಇರೋರು ಯಾರಾದ್ರೂ ಹೇಳಿ ಪ್ಲೀಸ್. ಸ್ಟಾರ್ ಅಲಯನ್ಸ್ (ಏರ್‌ಲೈನ್‌ಗಳ ಒಂದು ಒಕ್ಕೂಟ) ಕೊಡೋ ರೌಂಡ್ ದ ವರ್ಲ್ಡ್, ಅಂದ್ರೆ ಒಂದೇ ಬುಕಿಂಗಲ್ಲಿ ಪ್ರಪಂಚ ಸುತ್ತೋ ಟಿಕೆಟ್ ನೋಡ್ತಿದೀನಿ, 15 ಸ್ಟಾಪ್‌ಓವರ್ (ಮಧ್ಯೆ ಇಳಿದು ಉಳಿಯೋ ಊರು) ತನಕ ಅಂತ ಇದೆ, ನನ್ನ ಲಿಸ್ಟಲ್ಲಿ ಇರೋದು 13 ಊರು, ಆದ್ರೂ ಅವರ ಆನ್‌ಲೈನ್ ಪ್ಲಾನರ್ ಒಪ್ತಾನೇ ಇಲ್ಲ. ಟೋಕಿಯೋದಲ್ಲಿ ಒಂದೇ ರಾತ್ರಿ, ಅದೂ ಲೆಕ್ಕಕ್ಕೆ ಬರತ್ತಾ? ಬ್ಯಾಂಕಾಕಲ್ಲಿ ಇಳಿದು ಸಿಂಗಪುರ ತನಕ ಟ್ರೇನು ಬಸ್ಸಲ್ಲಿ ಹೋಗ್ಬೇಕು ಅಂತಿದೀನಿ, ಅದಕ್ಕೇನಾದ್ರೂ ತೊಂದ್ರೆನಾ?

ಉತ್ತರ: ನಾನು ಟಿಕೆಟಿಂಗಲ್ಲೇ ಇರೋದು. ರಾತ್ರಿ ಲೆಕ್ಕ ಅಲ್ಲ, ಗಂಟೆ ಲೆಕ್ಕ, 24 ದಾಟಿದ್ರೆ ಸ್ಟಾಪ್‌ಓವರ್, ಇಲ್ಲಾಂದ್ರೆ ಟ್ರಾನ್ಸಿಟ್, ಅಂದ್ರೆ ಬರೀ ವಿಮಾನ ಬದಲಾಯಿಸಿದ ಹಾಗೆ. ಟೋಕಿಯೋಗೆ ಬೆಳಿಗ್ಗೆ 10ಕ್ಕೆ ಇಳಿದು ಮಾರನೇ ದಿನ 9ಕ್ಕೆ ಹೊರಟ್ರೆ 23 ಗಂಟೆ, ನೀವು ವೀಸಾ ತಗೊಂಡು ಊರೊಳಗೆ ಹೋಗಿ ಹೋಟೆಲಲ್ಲಿ ಮಲಗಿ ಬಂದ್ರೂ ಅದು ಟ್ರಾನ್ಸಿಟ್ಟೇ. 11ಕ್ಕೆ ಹೊರಟ್ರೆ 24 ದಾಟ್ತು, ಸ್ಟಾಪ್‌ಓವರ್. ಲಂಡನ್‌ನಲ್ಲಂತೂ 24 ಗಂಟೆಯೊಳಗೆ ಮುಂದಿನ ಇಂಟರ್‌ನ್ಯಾಷನಲ್ ಫ್ಲೈಟ್ ಹಿಡಿದ್ರೆ ಅಲ್ಲಿನ ಏರ್ ಪ್ಯಾಸೆಂಜರ್ ಡ್ಯೂಟಿ ಅನ್ನೋ ತೆರಿಗೆನೂ ಬೀಳಲ್ಲ.

ಆದ್ರೆ ನಿಮಗೆ ಅಡ್ಡ ಬಂದಿರೋದು ಸ್ಟಾಪ್‌ಓವರ್ ಅಲ್ಲ ಅನ್ಸತ್ತೆ, ಸೆಗ್ಮೆಂಟು, ಅಂದ್ರೆ ಒಂದು ಊರಿಂದ ಇನ್ನೊಂದಕ್ಕೆ ಹೋಗೋ ಒಂದೊಂದು ಹಂತ. ಒಟ್ಟು 16 ಅಷ್ಟೇ. ಒಂದು ಟಿಕೆಟಿಗೆ 4 ಕೂಪನ್ (ಸೆಗ್ಮೆಂಟಿಗೆ ಒಂದರಂತೆ), ಜೋಡಿಸಿದ್ರೂ ನಾಲ್ಕೇ ಟಿಕೆಟ್, ಹಳೇ ಕಾಗದದ ಟಿಕೆಟ್ ಕಾಲದ ಲೆಕ್ಕ ಇನ್ನೂ ನಡೀತಿದೆ. 13 ಊರಿಗೆ, ಕೊನೆಗೆ ಮನೆಗೆ ಬರೋದೂ ಸೇರಿ, 14 ಸೆಗ್ಮೆಂಟ್ ಬೇಕೇ ಬೇಕು, ಮೇಲೆ ಎಲ್ಲೆಲ್ಲಿ ವಿಮಾನ ಬದಲಾಯಿಸ್ತೀರೋ ಅಲ್ಲೆಲ್ಲ ಒಂದೊಂದು ಹೆಚ್ಚು, ಎರಡೇ ಗಂಟೆ ಕೂತಿದ್ರೂ. ಬ್ಯಾಂಕಾಕ್-ಸಿಂಗಪುರ ನೀವು ರೋಡಲ್ಲಿ ಹೋದ್ರೂ ಒಂದು ಸೆಗ್ಮೆಂಟ್ ತಿನ್ನತ್ತೆ, ಸ್ಟಾರ್‌ನಲ್ಲಿ ಆ ದೂರ ಮೈಲೇಜಿಗೂ (ಟಿಕೆಟಿನ ಒಟ್ಟು ಮೈಲಿ ಲೆಕ್ಕ) ಸೇರತ್ತೆ. ಎಲ್ಲಿ ಬದಲಾಯಿಸ್ತಿದೀರ ಹೇಳಿ ನೋಡೋಣ.

ಕೇಳಿದವರು: ಅಯ್ಯೋ, ಟ್ರೇನಿಗೂ ಲೆಕ್ಕನಾ! ಎರಡು ಕಡೆ ದೊಡ್ಡ ಏರ್‌ಪೋರ್ಟಲ್ಲಿ ವಿಮಾನ ಬದಲಾಯಿಸ್ತೀನಿ, ಆಮೇಲೆ ಸಿಡ್ನಿಯಿಂದ ಆಕ್ಲೆಂಡ್ ಹೋಗಿ ವಾಪಸ್ ಸಿಡ್ನಿಗೇ ಬಂದು ಲಾಸ್ ಏಂಜಲೀಸ್ ಫ್ಲೈಟ್.

ಉತ್ತರ: ಹಾಗಾದ್ರೆ 14ಕ್ಕೆ ಬದಲಾಯಿಸೋದು ಎರಡು, ಸಿಡ್ನಿಗೆ ವಾಪಸ್ ಒಂದು ಸೇರಿ 17, ಅದಕ್ಕೇ ಒಪ್ತಿಲ್ಲ. ಆಕ್ಲೆಂಡ್ ಹೋಗಿಬರೋದನ್ನ ಬೇರೆ ರಿಟರ್ನ್ ಟಿಕೆಟಲ್ಲಿ ಮಾಡಿ, ಎರಡು ಉಳಿದು 15 ಆಗತ್ತೆ. ವಾಪಸ್ ಬರೋದಕ್ಕೂ ಲಾಸ್ ಏಂಜಲೀಸ್ ಫ್ಲೈಟಿಗೂ ಮಧ್ಯೆ ಒಂದು ದಿನನಾದ್ರೂ ಇಟ್ಕೊಳಿ, ಯಾಕಂದ್ರೆ ಬೇರೆ ಟಿಕೆಟ್ ಲೇಟಾದ್ರೆ ಯಾರೂ ಜವಾಬ್ದಾರಿ ತಗೊಳಲ್ಲ, ಈ ಕಡೆ ನೋ-ಶೋ (ಫ್ಲೈಟಿಗೆ ಬರಲೇ ಇಲ್ಲ ಅಂತ) ಆಗಿ ಮುಂದಿನ ಸೆಗ್ಮೆಂಟೆಲ್ಲ ಕ್ಯಾನ್ಸಲ್ ಆಗೋಗತ್ತೆ.

ಇನ್ನೊಬ್ಬರು: ಒನ್‌ವರ್ಲ್ಡ್ ಅನ್ನೋ ಇನ್ನೊಂದು ಒಕ್ಕೂಟದ ಎಕ್ಸ್‌ಪ್ಲೋರರ್ ಟಿಕೆಟಲ್ಲಿ ಮೈಲೇಜೇ ಎಣಿಸಲ್ವಲ್ಲ, ಅದು ವಾಸಿ ಅಲ್ವಾ?

ಉತ್ತರ: ಮೈಲೇಜ್ ಇಲ್ಲ ನಿಜ, ಎಷ್ಟು ಖಂಡ ಅನ್ನೋ ಲೆಕ್ಕ. ಅಲ್ಲೂ 16ರ ಮಿತಿ ಇದೆ, ಜೊತೆಗೆ ಒಂದೊಂದು ಖಂಡದಲ್ಲಿ 4 ಸೆಗ್ಮೆಂಟ್, ಉತ್ತರ ಅಮೆರಿಕಕ್ಕೆ ಮಾತ್ರ 6. ಏಷ್ಯಾದಲ್ಲೇ ಏಳೆಂಟು ಊರು ನೋಡೋರಿಗೆ ಅದು ಆಗ್ಬರಲ್ಲ. ದಕ್ಷಿಣ ಅಮೆರಿಕ ಆಸೆ ಇದ್ರೆ ಇನ್ನೂ ಯೋಚ್ನೆ ಮಾಡಿ, ಅಲ್ಲಿನ ಲಾಟಾಮ್ ಏರ್‌ಲೈನ್ 2020ರಲ್ಲಿ ಒನ್‌ವರ್ಲ್ಡ್ ಬಿಟ್ಮೇಲೆ ಅಲ್ಲಿ ಒಳಗೊಳಗೆ ಓಡಾಡಕ್ಕೆ ಫ್ಲೈಟ್ ಕಮ್ಮಿ.